ಸಡಿಲಗೈ ಸೋದರಮಾವ

ನನ್ನ ಮದುವೆಯ ತಾಳಿ ಈಗಲೂ ನಮ್ಮ ತವರುಮನೆಯ ಅಂಗಳದ ಕೆಳಗೆ ಎಲ್ಲೋ ಇದೆ. ತಟ್ಟೆ ಹಿಡಿದು ಬರುತ್ತಿದ್ದವನು ನನ್ನ ತಮ್ಮ ಮಲ್ಹಾರಿ. ಹಂದರದ ಮೆಟ್ಟಿಲು ಹತ್ತುವಾಗ ಹೊಸ ಧೋತರ ಕಾಲಿಗೆ ತೊಡರಿತು, ತಟ್ಟೆ ವಾಲಿತು, ತಾಳಿ ಜಾರಿ ಮಣ್ಣಿಗೆ ಬಿತ್ತು. ಬಿದ್ದದ್ದನ್ನು ಎಲ್ಲರೂ ನೋಡಿದರು. ಮರುಕ್ಷಣ ಅಲ್ಲಿ ಬರೀ ಮಣ್ಣಿತ್ತು. ವಾದ್ಯದವರು ಊದುವುದನ್ನು ನಿಲ್ಲಿಸಿದರು. ಹಿರಿಯರೆಲ್ಲ ಬಗ್ಗಿ ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡು, ರೂಢಿಯಂತೆ "ಸಂದಿತು" ಎಂದರು. ನಾನು ಅರಿಶಿನ ಕೊಂಬು ಕಟ್ಟಿಸಿಕೊಂಡು ಗಂಡನ ಮನೆಗೆ ಹೋದೆ. ಪತ್ತಾರ ಆಮೇಲೆ ಇನ್ನೊಂದು ತಾಳಿ ಮಾಡಿಕೊಟ್ಟ, ನಾನು ಮರೆತೂಬಿಟ್ಟೆ. ಮರೆಯದವರಲ್ಲಿ ಮೊದಲಿಗರು ನನ್ನ ಅತ್ತೆ ರಖಮವ್ವ. ಆಕೆಗೆ ಮರೆಯುವುದೆಂದರೆ ಸೋತ ಹಾಗೆ.

ನಮ್ಮೂರಿನ ನೆಲ ಮೊದಲಿನಿಂದಲೂ ಹಾಗೆಯೇ. ಇಟ್ಟದ್ದನ್ನು ಮುಟ್ಟುವುದಿಲ್ಲ, ಕೈಯಿಂದ ಜಾರಿದ್ದನ್ನು ಬಿಡುವುದಿಲ್ಲ. ಕಲ್ಲು ಹಾಸಿದರೂ ಅಷ್ಟೆ, ಸಿಮೆಂಟು ಬಳಿದರೂ ಅಷ್ಟೆ. ಜಮಖಾನೆ ಹಾಸಿದರೆ ಜಮಖಾನೆಯನ್ನೂ ಸೇರಿಸಿಯೇ ಒಯ್ಯುತ್ತದೆ. ಅದಕ್ಕೇ ನಮ್ಮಲ್ಲಿ ಕೊಡವೆಲ್ಲ ಕೊಕ್ಕೆಗೆ, ಚಮಚವೆಲ್ಲ ದಾರಕ್ಕೆ. ಯಾರೂ ಏನನ್ನೂ ಎಸೆಯುವುದಿಲ್ಲ. ಮದುವೆಯಲ್ಲಿ ಅಕ್ಷತೆಯನ್ನೂ ಒಬ್ಬೊಬ್ಬರೇ ಬಂದು ತಲೆಯ ಮೇಲೆ ಇಟ್ಟು ಹೋಗಬೇಕು, ಊಟದ ಹೊತ್ತಿಗೆ ಮದುಮಕ್ಕಳ ಕುತ್ತಿಗೆ ಬಿದ್ದುಹೋಗಿರುತ್ತದೆ. ಕೂಸು ಕೈಜಾರಿದ ಕಥೆಯನ್ನು ನಮ್ಮೂರಲ್ಲಿ ಯಾರೂ ಹೇಳುವುದಿಲ್ಲ. ಕೇಳುವುದೂ ಇಲ್ಲ.

ಇಂಥ ಊರಿನಲ್ಲಿ ಸಡಿಲಗೈ ಅನ್ನಿಸಿಕೊಳ್ಳುವುದೆಂದರೆ ಏನೆಂದು ಮಲ್ಹಾರಿಯನ್ನು ಕೇಳಬೇಕು. ತಾಳಿ ಹೋದ ಮೇಲೆ ನನ್ನನ್ನು ಬಿಟ್ಟರೆ ಅವನ ಕೈಗೆ ಯಾರೂ ಏನೂ ಕೊಡುತ್ತಿರಲಿಲ್ಲ. ಮುಂದೆ ಇಡುತ್ತಿದ್ದರು, ಅವನೇ ಎತ್ತಿಕೊಳ್ಳಬೇಕು. ಚಹಾದಂಗಡಿಯವನು ಕಪ್ಪನ್ನು ಹಲಗೆಯ ಮೇಲಿಟ್ಟು ಬೆಂಕಿ ಮುಟ್ಟಿದವನ ಹಾಗೆ ಕೈ ಎಳೆದುಕೊಳ್ಳುತ್ತಿದ್ದ. ಗುಡಿಯ ಪೂಜಾರಿ ತೀರ್ಥವನ್ನು ಅಂಗೈಗೆ ಬಿಡದೆ, "ಬಾಯಿ ತಗೀಪಾ" ಎಂದು ನೇರ ಬಾಯಿಗೇ ಬಿಡುತ್ತಿದ್ದ. ಮಲ್ಹಾರಿ ನಗುತ್ತಲೇ ಇದ್ದ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ನನಗೆ ಏಳು ತಿಂಗಳಾದಾಗ ಸೀಮಂತ ಮುಗಿಸಿ ತವರಿಗೆ ಕಳಿಸುವ ದಿನ ಅತ್ತೆ ಎಲ್ಲರ ಎದುರು ಮಾತು ತೆಗೆದರು. ನಮ್ಮಲ್ಲಿ ಹೆಸರಿಡುವ ದಿನ ಕೈನಡೆ ಎಂಬ ಶಾಸ್ತ್ರವಿದೆ. ಒಳಕೋಣೆಯಿಂದ ಅಂಗಳ ದಾಟಿಸಿ, ಬೇವಿನ ಮರಕ್ಕೆ ಕಟ್ಟಿದ ತೊಟ್ಟಿಲಿನವರೆಗೆ ಕೂಸನ್ನು ಸೋದರಮಾವ ಒಬ್ಬನೇ ಎತ್ತಿಕೊಂಡು ನಡೆಯಬೇಕು. ಬೇರೆ ಯಾರೂ ಅವನನ್ನು ಮುಟ್ಟಬಾರದು. ಸೋದರಮಾವನಿದ್ದೂ ಬೇರೆಯವನು ನಡೆದರೆ ಅದು ಊರಿನ ತೀರ್ಪು. ಆಮೇಲೆ ಆ ಸೋದರಮಾವನಿಗೆ ಹೆಣ್ಣು ಕೊಡುವವರಿಲ್ಲ, ಕೆಲಸ ಕೊಡುವವರಿಲ್ಲ, ಹೆಣಕ್ಕೆ ಹೆಗಲು ಕೊಡಲೂ ಕರೆಯುವವರಿಲ್ಲ.

"ಕೈನಡಿಗೆ ನಮ್ಮ ಪಿರಾಜಿ ಬರ್ತಾನ," ಎಂದರು ಅತ್ತೆ. ಪಿರಾಜಿ ಆಕೆಯ ಅಣ್ಣನ ಮಗ. ತುಂಬಿದ ಹಾಲಿನ ಕ್ಯಾನುಗಳನ್ನು ಎರಡೂ ಕೈಯಲ್ಲಿ ಹಿಡಿದು ಸಂತೆಯೊಳಗೆ ಓಡುವವನು, ಹುಟ್ಟಿದಾಗಿನಿಂದ ಒಂದು ಹನಿ ಚೆಲ್ಲಿದವನಲ್ಲ.

"ನನ್ನ ತಮ್ಮ ಏನು ಸತ್ತಾನೇನ್ರಿ?" ಎಂದೆ.

"ಸಾಯಲಿ ಅಂತ ನಾ ಅಂದೆನೇನ ತುಳಜಾ? ಅವನ ಕೈ ಸತ್ತಾವು ಅಷ್ಟ. ಹುಟ್ಟುಗುಣ ಸುಟ್ಟರೂ ಹೋಗೂದಿಲ್ಲ."

ನನ್ನ ಗಂಡ ಯಲ್ಲೋಜಿ ತನ್ನ ತಾಯಿಯ ಮುಂದೆ ಬಾಯಿ ತೆರೆಯುವವನಲ್ಲ. ಕೊಕ್ಕೆಗೆ ತೂಗುಹಾಕಿದ ಚರಿಗೆಯನ್ನು ಮೊದಲ ಸಲ ಕಂಡವನಂತೆ ನೋಡುತ್ತ ಕೂತ. ನನಗೆ ಸಿಟ್ಟು ನೆತ್ತಿಗೇರಿತು. ಆ ವಾರವಷ್ಟೇ ಮಲ್ಹಾರಿ ಕಾಲೇಜಿನ ಫುಟ್‌ಬಾಲ್ ತಂಡ ಸೇರಿದ್ದ. ಕಾಲಿನಿಂದ ಒದೆಯುವ ಫುಟ್‌ಬಾಲ್ ಅಲ್ಲ, ಮೊಟ್ಟೆಯಂಥ ಚೆಂಡನ್ನು ಎದೆಗವಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಲು ಓಡುವ ಅಮೆರಿಕದ ಆಟ. ಕ್ರಿಕೆಟ್ ನಮ್ಮೂರಲ್ಲಿ ನಡೆಯುವುದಿಲ್ಲ, ಮೊದಲ ಎಸೆತಕ್ಕೇ ಚೆಂಡು ಸಂದುಹೋಗುತ್ತದೆ. ಇದಾದರೆ ಹಿಡಿತದ ಆಟ, ನಮ್ಮವರಿಗೆ ಹೇಳಿ ಮಾಡಿಸಿದ್ದು ಎಂದು ಹಿಂದಿನ ಯಾರೋ ಪ್ರಿನ್ಸಿಪಾಲರು ತಂದಿದ್ದರು. ನಮ್ಮ ಹುಡುಗರು ಚೆಂಡನ್ನು ಹಿಡಿಯುವುದು ಹಿಡಿಯುತ್ತಿದ್ದರು, ಆದರೆ ಎಸೆಯಲು ಯಾರಿಗೂ ಧೈರ್ಯವಿರಲಿಲ್ಲ. ಎಸೆಯದ ತಂಡ ಎಲ್ಲಿಗೆ ಓಡುತ್ತದೆಂದು ಎದುರಾಳಿಗೆ ಮೊದಲೇ ಗೊತ್ತು. ಹಾಗಾಗಿ ಪ್ರತಿ ವರ್ಷವೂ ಸೋಲು. ಈ ವರ್ಷ ಆಡಲು ಹುಡುಗರೇ ಸಿಕ್ಕದೆ ಸಡಿಲಗೈಯವನನ್ನೂ ಕರೆದಿದ್ದರು.

"ಬರ್ರಿ ಅತ್ತಿ, ಅವನ ಆಟ ನೋಡ್ರಿ," ಎಂದೆ. "ಈ ಹಂಗಾಮು ಮುಗಿಯೂತನಕ ನೋಡ್ರಿ. ಒಂದು ಸಲ ಅವನ ಕೈಯಿಂದ ಚೆಂಡು ಜಾರಿದ್ರ ನಿಮ್ಮ ಪಿರಾಜಿನ್ನ ನಾನs ಆರತಿ ಮಾಡಿ ಕರೀತೀನಿ. ಜಾರಲಿಲ್ಲಂದ್ರ ಕೂಸು ನನ್ನ ತಮ್ಮನ ಕೈಯಾಗ."

ಅತ್ತೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಹಾಕಿದರು. "ಒಂದs ಸಲ ಜಾರಿದರೂ ಮುಗೀತು. ಆಮ್ಯಾಲ ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ ಅನಬಾರದು ನೋಡು."

ಆಗಲಿ ಎಂದೆ. ಎಂಥ ಮಾತು ಕೊಟ್ಟೆನೆಂದು ಗೊತ್ತಾದದ್ದು ಮಲ್ಹಾರಿಗೆ ಹೇಳಿದಾಗ. ಅವನು ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, "ಯಕ್ಕಾ, ಈಗs ಬೆವರಾಕತ್ತಾವು," ಎಂದ.

ತಂಡಕ್ಕೆ ಹೊಸ ಮಾಸ್ತರರು ಬಂದಿದ್ದರು, ಬೆನೆಡಿಕ್ಟ್ ಎಂದು, ಘಟ್ಟದ ಕೆಳಗಿನವರು. ಬಂದ ದಿನವೇ ಸೀಟಿ, ಕನ್ನಡಕ, ಊಟದ ಡಬ್ಬಿ ಮೂರೂ ನೆಲಕ್ಕೆ ಸಂದಿದ್ದವು. ಅಂದಿನಿಂದ ಮನುಷ್ಯ ಎಲ್ಲವನ್ನೂ ದಾರದಲ್ಲಿ ಕುತ್ತಿಗೆಗೆ ಕಟ್ಟಿಕೊಂಡು ತಿರುಗುತ್ತಿದ್ದರು. ಅವರು ಹುಡುಗರನ್ನು ಊರ ಗಡಿಕಲ್ಲಿನ ಆಚೆ, ನೆಲ ಏನನ್ನೂ ಕೇಳದ ಕಡೆಗೆ ಕರೆದುಕೊಂಡು ಹೋಗಿ ಎಸೆಯುವುದನ್ನು ಕಲಿಸಿದರು. ದಸ್ತಗೀರ ಎನ್ನುವ ಹುಡುಗನಿಗೆ ಎಸೆತ ಕೈಗೆ ಹತ್ತಿತು. ಮೊದಲ ಸಲ ಎಸೆದಾಗ ಅವನ ಅಜ್ಜಿ ಗಡಿಕಲ್ಲಿನ ಹತ್ತಿರ ನಿಂತು ಅತ್ತಳಂತೆ.

ಮೊದಲ ಪಂದ್ಯ ನದಿಯಾಚೆಯ ಊರಿನಲ್ಲಿ. ಬಸುರಿ ಬಸ್ಸಿನಲ್ಲಿ ಹೋಗುವುದೇನು ಎಂದು ಅವ್ವ ಬೈದಳು. ನಾನು ಹೋಗದೆ ಇದ್ದರೆ ಅತ್ತೆ ಏನು ಕಂಡು ಬಂದು ಏನು ಹೇಳುತ್ತಾರೋ ಎಂದು ಅವರ ಪಕ್ಕದಲ್ಲೇ ಕೂತು ಹೋದೆ. ಅತ್ತೆಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಕೊಡೆ ಬಿಚ್ಚಿಕೊಂಡು ಕೂತು ಮಲ್ಹಾರಿಯ ಕೈಗಳನ್ನು ಮಾತ್ರ ನೋಡುತ್ತಿದ್ದರು, ಚೆಂಡು ಎಲ್ಲಿದ್ದರೂ ಸರಿ. ನಮ್ಮವರು ಚೆನ್ನಾಗಿಯೇ ಓಡಿದರು. ಮಧ್ಯದಲ್ಲಿ ಎದುರಾಳಿಯ ಒಬ್ಬ ಎಮ್ಮೆಯಂಥವನು ದಸ್ತಗೀರನಿಗೆ ಗುದ್ದಿದ. ಚೆಂಡು ಜಾರಿ ಹುಲ್ಲಿನ ಮೇಲೆ ಬಿತ್ತು.

ನಮ್ಮ ಹನ್ನೊಂದೂ ಹುಡುಗರು ಇದ್ದಲ್ಲೇ ನಿಂತರು. ಹೆಲ್ಮೆಟ್ ತೆಗೆದರು. ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು "ಸಂದಿತು" ಎಂದರು. ಕಟ್ಟೆಯ ಮೇಲಿದ್ದ ಅತ್ತೆಯೂ ಬಗ್ಗಿದರು, ಹೊಟ್ಟೆ ಹೊತ್ತ ನಾನೂ ಬಗ್ಗಿದೆ. ತಲೆಯೆತ್ತಿ ನೋಡಿದರೆ ಎದುರಾಳಿ ಹುಡುಗನೊಬ್ಬ ಚೆಂಡನ್ನು ಎತ್ತಿಕೊಂಡು, ಇವರಿಗೇನಾಯಿತೆಂದು ತಿರುತಿರುಗಿ ನೋಡುತ್ತ, ಗೆರೆಯ ಕಡೆಗೆ ಹೋಗುತ್ತಿದ್ದಾನೆ.

"ಅಯ್ಯೋ ಮಾರಾಯ್ರೆ, ಚೆಂಡು ಅಲ್ಲೇ ಉಂಟು! ಅಲ್ಲೇ ಉಂಟು!" ಬೆನೆಡಿಕ್ಟ್ ಮಾಸ್ತರರು ಬಾಯಿ ಬಡಿದುಕೊಳ್ಳುತ್ತ ಮೈದಾನದ ಅಂಚಿನುದ್ದಕ್ಕೂ ಓಡಿದರು. ಕುತ್ತಿಗೆಯ ಡಬ್ಬಿ, ಕನ್ನಡಕ, ಸೀಟಿ ಎಲ್ಲ ಗಿಲಿಗಿಲಿ ಸದ್ದು ಮಾಡುತ್ತಿದ್ದವು. "ಎಂತ ಪೂಜೆ ಮಾಡುದು ನೀವು! ಹಿಡೀರಿ ಅವನನ್ನ!"

ಹಿಡಿಯುವಷ್ಟರಲ್ಲಿ ಆ ಹುಡುಗ ಗೆರೆ ದಾಟಿ ಕೂತೂಬಿಟ್ಟಿದ್ದ. ಸೋತೆವು. ಬಸ್ಸು ಊರಿನ ಹತ್ತಿರ ಬಂದಾಗ ಅತ್ತೆ, "ಅವನ ಕೈಯಿಂದ ಜಾರಲಿಲ್ಲ. ನಾ ಸುಳ್ಳು ಹೇಳೂದಿಲ್ಲ," ಎಂದರು. ನನಗೆ ಅಷ್ಟೇ ಸಾಕಾಗಿತ್ತು.

ಎರಡನೆಯ ಪಂದ್ಯ ನಮ್ಮೂರಲ್ಲೇ, ನಮ್ಮ ಮನೆಯ ಹಿಂದಿನ ಬಯಲಿನಲ್ಲಿ. ಅದರ ಹಿಂದಿನ ದಿನ ನಾನು ಬೆನೆಡಿಕ್ಟ್ ಮಾಸ್ತರರ ಹತ್ತಿರ ಹೋದೆ. "ಸರ, ಮಲ್ಹಾರಿ ಕಡೆ ಚೆಂಡು ಎಸೀಬ್ಯಾಡ್ರಿ. ಕೈ ಮುಗಿತೀನಿ. ಅವ ಬರೇ ಅಡ್ಡ ನಿಂದ್ರಲಿ, ಗುದ್ದಲಿ, ಗುದ್ದಿಸಿಕೊಳ್ಳಲಿ," ಎಂದೆ.

"ಅವನಷ್ಟು ಬೇಗ ಓಡುವವರು ಬೇರೆ ಯಾರೂ ಇಲ್ಲಮ್ಮ. ಅವನಿಗೆ ಎಸೆಯದಿದ್ರೆ ಮತ್ತೆ ಯಾರಿಗೆ ಎಸೆಯುದು?"

"ಸೋತರ ಒಂದು ಆಟ ಸೋತೀರಿ. ಚೆಂಡು ಜಾರಿದರ ಅವನ ಜೀವನಾನs ಹೋಗತೈತಿ."

ಅವರು ನನ್ನ ಹೊಟ್ಟೆಯನ್ನೂ ಮುಖವನ್ನೂ ನೋಡಿ ಆಯಿತು ಎಂದರು. ಮಲ್ಹಾರಿ ಪಂದ್ಯವಿಡೀ ಅಂಚಿನಲ್ಲಿ ಅಡ್ಡ ನಿಂತ, ಗುದ್ದಿದ, ಗುದ್ದಿಸಿಕೊಂಡ. ಎದುರಿನವರಿಗೂ ಭಯ, ನಮ್ಮವರಿಗೂ ಭಯ. ಅತಿಥಿ ತಂಡದ ಒಬ್ಬ ಕೈತಪ್ಪಿ ಬಿಟ್ಟ ಚೆಂಡು ಅವನ ಕಣ್ಣೆದುರೇ ಸಂದುಹೋದಾಗ ಆ ಹುಡುಗ ಕೂತು ನೆಲ ಕೆದರಿದ, ಅವನನ್ನು ಸಮಾಧಾನ ಮಾಡಲು ನಮ್ಮ ಹುಡುಗರೇ ಹೋದರು. ಕೊನೆಗೆ ನಾವೇ ಸೋತೆವು.

ಆ ಸಂಜೆ ಮಲ್ಹಾರಿ ಊಟಕ್ಕೆ ಕೂತವನು ತುತ್ತು ಎತ್ತಲಿಲ್ಲ. "ಮಾಸ್ತರ್ ಎಲ್ಲಾ ಹೇಳಿದ್ರು," ಎಂದ.

"ನಿನ್ನ ಸಲುವಾಗೆ ಹೋಗಿದ್ದೆ."

"ಊರಾಗ ಎಲ್ಲಾರೂ ನನ್ನ ಮುಂದ ಇಟ್ಟು ಕೈ ಎಳಕೋತಾರ. ನೀ ಒಬ್ಬಾಕಿ ಕೈಗೆ ಕೊಡ್ತಿದ್ದಿ. ಈಗ ನೀನೂ ಎಳಕೊಂಡೆಲ್ಲ ಯಕ್ಕಾ."

ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ, ಬಾಯಿಯಲ್ಲಿ ನನ್ನನ್ನು ಗೆದ್ದವರಿಲ್ಲ. ಅವನು ಜಗಳವಾಡದೆ ಎದ್ದು ಹೋದ. ಅವ್ವ, "ಹೊಟ್ಟಿಯಾಗಿನ ಕೂಸು ಕೇಳತೈತಿ, ಅಳಬ್ಯಾಡ," ಎಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ಮರುದಿನ ಬೆಳಿಗ್ಗೆ ನಾನೇ ಮಾಸ್ತರರ ಹತ್ತಿರ ಹೋಗಿ, "ಎಸೀರಿ," ಎಂದು ಹೇಳಿ ಬಂದೆ. ಹೇಳಿದೆನೇನೋ ಸರಿ, ದಾರಿಯಲ್ಲಿ ಎರಡು ಸಲ ನಿಂತು ಹಿಂದಿರುಗಿ ನೋಡಿದೆ.

ಬೆನೆಡಿಕ್ಟ್ ಮಾಸ್ತರರು ಎಸೆತ ಶುರುಮಾಡಿಸುವ ಮೊದಲು ಹುಡುಗರನ್ನೆಲ್ಲ ಕೂಡಿಸಿಕೊಂಡು ಒಂದು ಪ್ರಶ್ನೆ ಕೇಳಿದರಂತೆ. ಜಾರಿದ ಚೆಂಡು ನೆಲಕ್ಕೆ ಬೀಳದೆ ಮನುಷ್ಯನ ಮೇಲೆ ಬಿದ್ದರೆ ಏನಾಗುತ್ತದೆ? ಯಾರೂ ಅದನ್ನು ಯೋಚಿಸಿರಲೇ ಇಲ್ಲ. ನಮ್ಮೂರಲ್ಲಿ ಒಬ್ಬನ ಕೈಯಿಂದ ಏನಾದರೂ ಜಾರಿದರೆ ಪಕ್ಕದಲ್ಲಿದ್ದವರು ಮೊದಲು ಮಾಡುವ ಕೆಲಸವೆಂದರೆ ಎರಡು ಹೆಜ್ಜೆ ಹಿಂದೆ ಸರಿಯುವುದು. ಕೊನೆಗೆ ಪುಂಡಲೀಕ ಎನ್ನುವ ದಡಿಯ ಹುಡುಗ ತಲೆ ಕೆರೆದುಕೊಂಡು, "ನಮ್ಮವ್ವನ ತಂಬಿಗಿ ಒಮ್ಮೆ ಎಮ್ಮಿ ಬೆನ್ನ ಮ್ಯಾಲೆ ಬಿದ್ದಿತ್ತರಿ. ಅದು ಉಳೀತು," ಎಂದ.

"ಹಾಗಾದ್ರೆ ನೀನು ಇವತ್ತಿನಿಂದ ಎಮ್ಮೆ," ಎಂದರು ಮಾಸ್ತರರು.

ಅಂದಿನಿಂದ ಅವರ ಅಭ್ಯಾಸವೇ ಬದಲಾಯಿತು. ಯಾರಾದರೂ ಚೆಂಡು ಹಿಡಿಯಲು ಕೈ ಚಾಚಿದರೆ ಸಾಕು, ಹತ್ತಿರ ಇದ್ದ ಇಬ್ಬರು ಅವನ ಕೈಯ ಕೆಳಗೆ ಹಾರಿ ಬೀಳಬೇಕು. ಬೆನ್ನೋ, ಹೊಟ್ಟೆಯೋ, ಮುಖವೋ, ನೆಲಕ್ಕಿಂತ ಮೊದಲು ಏನಾದರೊಂದು ಇರಬೇಕು. ಮೊದಮೊದಲು ಹುಡುಗರು ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. ಮನೆಗೆ ಮೊಣಕೈ ತರಚಿಕೊಂಡು ಬಂದರೆ ತಾಯಂದಿರು ಮಾಸ್ತರರಿಗೆ ಶಾಪ ಹಾಕಿದರು. ನಾನು ಮಾಳಿಗೆಯ ಕಿಟಕಿಯಿಂದ ನೋಡುತ್ತಿದ್ದೆ. ಜಾರಿದ್ದರ ಕಡೆಗೆ ಓಡುವ ಜನರನ್ನು ನಮ್ಮೂರಿನ ಬಯಲಿನಲ್ಲಿ ನೋಡಿದ್ದು ಅದೇ ಮೊದಲು.

ಮೂರನೆಯ ಪಂದ್ಯ ಗಿರಣಿಯ ಊರಿನಲ್ಲಿ. ನನಗೆ ಬೆಳಿಗ್ಗೆಯಿಂದಲೇ ನೋವು, ಹೋಗಲಾಗಲಿಲ್ಲ. ಅತ್ತೆ ಕೊಡೆ ಹಿಡಿದು ಒಬ್ಬರೇ ಬಸ್ಸು ಹತ್ತಿದರು. ಮಧ್ಯಾಹ್ನ ನನಗೆ ಹೆಣ್ಣುಮಗು ಆಯಿತು. ಸಂಜೆ ಅತ್ತೆ ಮೊಮ್ಮಗಳನ್ನು ನೋಡಲು ಬಂದವರು ಕೂಸಿನ ಮುಖ ನೋಡಿ ದೃಷ್ಟಿ ತೆಗೆದು, ಮರುಮಾತಿಗೇ, "ಗೆದ್ದಿವಿ," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಗೆದ್ದಿವಿ ಅಂತೆ! "ನಿನ್ನ ತಮ್ಮ ಮೂರು ಸಲ ಹಿಡದ. ಮೂರನೇದಂತೂ ಹಿಂದ ತಿರುಗಿ ನೋಡದs ಹಿಡದ. ನಾ ಕುಂತಲ್ಲಿಂದ ಎದ್ದು ನಿಂತೆ ನೋಡು. ಆ ಊರಿನ ಹೆಂಗಸರು ನನಗ ಕೂಡ್ರಿ ಅಂದ್ರು, ನೀವs ಏಳ್ರಿ ಅಂದೆ."

"ಜಾರಲಿಲ್ಲಲ್ಲ?"

"ಜಾರಲಿಲ್ಲ," ಎಂದು ಒಪ್ಪಿಕೊಂಡರು. ಆಮೇಲೆ ತಮ್ಮ ಮಾತು ನೆನಪಾಗಿ ಮುಖ ಬಿಗಿದುಕೊಂಡು, "ಇನ್ನೂ ಒಂದೈತಿ," ಎಂದರು.

ಆ ಇನ್ನೊಂದು ಪಂದ್ಯ ಶನಿವಾರ, ನಮ್ಮ ಬಯಲಿನಲ್ಲಿ, ಕೋಟೆಯ ಊರಿನವರ ಮೇಲೆ. ಅವರನ್ನು ನಮ್ಮವರು ಯಾವತ್ತೂ ಸೋಲಿಸಿರಲಿಲ್ಲ. ಹೆಸರಿಡುವುದು ಸೋಮವಾರ. ಬಾಣಂತಿ ನಾನು, ತಲೆಗೆ ಪಾವಡ ಸುತ್ತಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂಸನ್ನು ಹಾಸಿಗೆಯ ಮೇಲೆ ಮಲಗಿಸಿ ಕಿಟಕಿಯ ಹತ್ತಿರ ನಿಂತೆ. ಊರಿಗೆ ಊರೇ ಬಯಲಿಗೆ ಬಂದಿತ್ತು. ಮುಂದಿನ ಸಾಲಿನಲ್ಲಿ ಅತ್ತೆಯ ಕೊಡೆ ಕಾಣುತ್ತಿತ್ತು.

ಆಟ ಕೊನೆಗೆ ಬಂದಾಗ ನಾವು ಸ್ವಲ್ಪದರಲ್ಲಿ ಹಿಂದೆ. ಉಳಿದದ್ದು ಒಂದೇ ಸರದಿ. ದಸ್ತಗೀರ ಚೆಂಡು ಹಿಡಿದು ಹಿಂದಕ್ಕೆ ಸರಿದ, ಸರಿದ, ಮೇಲೆ ಬೀಳಲು ಬರುತ್ತಿದ್ದವರ ತಲೆಯ ಮೇಲಿಂದ ಎಸೆದ. ಚೆಂಡು ಆಕಾಶದಲ್ಲಿದ್ದಾಗ ಊರಿನವರೆಲ್ಲ ಉಸಿರು ಹಿಡಿದರು. ಮಲ್ಹಾರಿ ಓಡುತ್ತಲೇ ಎರಡೂ ಕೈ ಚಾಚಿದ. ಬಂತು, ಬೆರಳಿಗೆ ಬಡಿಯಿತು, ಜಾರಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡೆ. ಕಿಟಕಿಯ ಸರಳು ಹಿಡಿದು, "ಯವ್ವಾ!" ಎಂದು ಕಿರುಚಿದೆ, ಹಾಸಿಗೆಯಲ್ಲಿದ್ದ ಕೂಸು ಬೆಚ್ಚಿಬಿದ್ದು ಅಳತೊಡಗಿತು. ಅಷ್ಟರಲ್ಲಿ ಪುಂಡಲೀಕ ಎಲ್ಲಿದ್ದನೋ ಏನೋ, ಮಲ್ಹಾರಿಯ ಕಾಲಬುಡದಲ್ಲಿ ಅಂಗಾತ ಬಿದ್ದಿದ್ದ. ಚೆಂಡು ಅವನ ಹೊಟ್ಟೆಯ ಮೇಲೆ ಬಿತ್ತು, ಪುಟಿಯಿತು. ಮಲ್ಹಾರಿ ಅದನ್ನು ಎದೆಗವಚಿಕೊಂಡು ಪುಂಡಲೀಕನನ್ನು ದಾಟಿ ಗೆರೆಯಾಚೆ ಮಗುಚಿಬಿದ್ದ. ನೆಲಕ್ಕೆ ತಾಗದ ಚೆಂಡು ಬದುಕಿದ ಚೆಂಡು, ಆಟದ ನಿಯಮವೂ ಅದೇ. ಗೆದ್ದೆವು! ಬೇರೆ ಊರುಗಳಲ್ಲಿ ಹೆಲ್ಮೆಟ್ಟುಗಳನ್ನು ಮೇಲಕ್ಕೆಸೆಯುತ್ತಾರಂತೆ, ನಮ್ಮವರು ಗಟ್ಟಿಯಾಗಿ ಹಿಡಿದುಕೊಂಡೇ ಕುಣಿದರು.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಅತ್ತೆಯ ಏದುಸಿರು ಕೇಳಿಸಿತು. ಬಾಗಿಲಲ್ಲಿ ನಿಂತು ಕೊಡೆ ಮಡಚಿದರು.

"ಜಾರಿತು," ಎಂದರು.

"ನೆಲಕ್ಕ ಬಿತ್ತೇನ್ರಿ? ನೆಲಕ್ಕೇನರ ಸಂದಿತೇನು?"

"ನಾ ಏನಂದಿದ್ದೆ? ಕೈಯಿಂದ ಜಾರಿದರ ಅಂದಿದ್ದೆ. ನೆಲದ ಮಾತು ನಾ ಎತ್ತಿಲ್ಲ."

"ಊರೆಲ್ಲಾ ಅವನ್ನ ಹೊತ್ತು ಕುಣೀಲಿಕ್ಕತ್ತೈತಿ, ನೀವು ಇಲ್ಲಿ ಬೆರಳು ಎಣಸಾಕ ಬಂದೀರಿ!"

"ನಾನೂ ಕುಣದೀನಿ," ಎಂದರು ಅತ್ತೆ. ಅವರ ಕಣ್ಣಲ್ಲಿ ನೀರಿತ್ತು. "ನನಗೇನು ಖುಷಿ ಅಂದಕೊಂಡೀಯೇನ? ಚೆಂಡು ಚೆಂಡs. ಇದು ಕೂಸು, ತುಳಜಾ. ನನ್ನ ಮೊಮ್ಮಗಳು."

ಆ ಭಯ ನನಗೂ ಇತ್ತು. ಮುಖದ ತುಂಬ ಮಣ್ಣು ಮೆತ್ತಿಕೊಂಡ ಮಲ್ಹಾರಿ ಅವರ ಹಿಂದೆಯೇ ಬಂದು ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಜಾರಿದ್ದು ಖರೇ ಯಕ್ಕಾ," ಎಂದ. "ಪಿರಾಜಿನ್ನ ಕರೀರಿ." ಗೆದ್ದ ದಿನವೂ ಅವನ ಮುಖ ಸೋತವನದ್ದಾಗಿತ್ತು.

ಸೋಮವಾರ ಅಂಗಳದ ತುಂಬ ಜನ. ಬೇವಿನ ಮರಕ್ಕೆ ತೊಟ್ಟಿಲು ಕಟ್ಟಿ ಹೂ ಸುತ್ತಿದ್ದರು. ಪಿರಾಜಿ ಗಂಜಿ ಹಾಕಿದ ಅಂಗಿ ತೊಟ್ಟು ಬಂದು ಕೈಗಳನ್ನು ಎರಡು ಸಲ ತೊಳೆದುಕೊಂಡ. ಮಲ್ಹಾರಿ ಗೋಡೆಗೊರಗಿ, ಯಾರ ಕಡೆಯೂ ನೋಡದೆ ನಿಂತಿದ್ದ. ನಾನು ಕೂಸನ್ನು ಎದೆಗವಚಿಕೊಂಡು ಹೊಸ್ತಿಲಲ್ಲೇ ಕೂತೆ.

"ಕೊಡವಾ," ಎಂದರು ಯಾರೋ ಹಿರಿಯರು.

"ಕೊಡೂದಿಲ್ಲ. ಸೋದರಮಾವ ಇರೂತನಕ ಬ್ಯಾರೆಯವರ ಕೈಗೆ ಕೊಡೂದಿಲ್ಲ. ಹೆಸರಿಲ್ಲದs ಬೆಳೀಲಿ ಬೇಕಾರ."

"ಮಾತು ಕೊಟ್ಟಿದ್ದಿ," ಎಂದರು ಅತ್ತೆ.

"ಕೊಟ್ಟಿದ್ದೆ. ಮುರದೀನಿ. ಏನ್ ಮಾಡ್ತೀರಿ?"

ಹೆಂಗಸರು ಗುಸುಗುಸು ಶುರುಮಾಡಿದರು. ಆಗಲೇ ಹಿತ್ತಲ ಬಾಗಿಲಿನಿಂದ ಬೂಟಿನ ಸದ್ದು ಕೇಳಿಸಿದ್ದು. ತಂಡದ ಹುಡುಗರು ಒಬ್ಬರ ಹಿಂದೆ ಒಬ್ಬರು ಬಂದರು, ಹಿಂದೆ ಬೆನೆಡಿಕ್ಟ್ ಮಾಸ್ತರರು. ಪುಂಡಲೀಕ ನನ್ನ ಹೊಸ್ತಿಲ ಮುಂದೆ ಬಂದು, "ಯಕ್ಕಾ, ಸ್ವಲ್ಪ ಕಾಲು ಸರಸ್ರಿ," ಎಂದು ಅಂಗಾತ ಮಲಗಿದ. ಅವನೆದುರಿಗೆ ದಸ್ತಗೀರ, ಶನಿವಾರದ ಆಟದಲ್ಲಿ ಉಳುಕಿ ಜೋಳಿಗೆಯಲ್ಲಿ ಕಟ್ಟಿದ್ದ ಭುಜವನ್ನು ಹುಷಾರಾಗಿ ಇಳಿಸಿಕೊಂಡು. ಆಮೇಲೆ ಇನ್ನಿಬ್ಬರು, ಇನ್ನಿಬ್ಬರು. ನಡುವೆ ಒಂದು ಹೆಜ್ಜೆ ಹಿಡಿಯುವಷ್ಟು ಮಾತ್ರ ಜಾಗ ಬಿಟ್ಟು ಅಂಗಳದುದ್ದಕ್ಕೂ ಎರಡು ಸಾಲು ಮಲಗಿದರು, ತಂತಮ್ಮ ಕೈಗಳನ್ನು ಆ ಹೆಜ್ಜೆಯ ಜಾಗದ ಕಡೆ ಚಾಚಿ.

"ಅವನನ್ನ ಯಾರೂ ಮುಟ್ಟುದಿಲ್ಲ. ಶಾಸ್ತ್ರಕ್ಕೆ ಎಂತ ಅಡ್ಡಿ ಇಲ್ಲ," ಎಂದರು ಮಾಸ್ತರರು. ಎಂದವರು ತಾವೂ ಪ್ಯಾಂಟು ಮೇಲಕ್ಕೆಳೆದುಕೊಂಡು ಸಾಲಿನ ಕೊನೆಯಲ್ಲಿ ಮಲಗಿದರು. ಕುತ್ತಿಗೆಯ ಸಾಮಾನುಗಳನ್ನೆಲ್ಲ ಎದೆಯ ಮೇಲೆ ಜೋಡಿಸಿಕೊಂಡರು.

ನಾನು ಎದ್ದೆ. ಗೋಡೆಯ ಹತ್ತಿರ ಹೋಗಿ ಕೂಸನ್ನು ಮಲ್ಹಾರಿಯ ಕೈಗೇ ಕೊಟ್ಟೆ. ಕೇಳಲಿಲ್ಲ, ಎಚ್ಚರಿಕೆ ಹೇಳಲಿಲ್ಲ, ಕೊಟ್ಟು ನನ್ನ ಕೈ ತೆಗೆದೆ. ಹೊಸ್ತಿಲವರೆಗೆ ಬಂದವನು ಅಲ್ಲೇ ನಿಂತುಬಿಟ್ಟ. ಅವನು ನೋಡುತ್ತಿದ್ದದ್ದನ್ನು ನಾನೂ ನೋಡಿದೆ. ಹುಡುಗರ ಸಾಲು ತೊಟ್ಟಿಲಿನವರೆಗೆ ಮುಟ್ಟಿರಲಿಲ್ಲ. ಮಾಸ್ತರರ ಕಾಲಿನಾಚೆ, ಬೇವಿನ ಬುಡದ ಹತ್ತಿರ, ಇಬ್ಬರು ಮಲಗುವಷ್ಟು ಬರೀ ಮಣ್ಣು ಉಳಿದಿತ್ತು. ಅಂಗಳದ ತುಂಬ ಜನರಿದ್ದರು, ಯಾರೂ ಅಲುಗಲಿಲ್ಲ. ನಮ್ಮೂರಿನ ಅಭ್ಯಾಸ, ಎರಡು ಹೆಜ್ಜೆ ಹಿಂದೆಯೇ ಸರಿದಿದ್ದರು. ನನ್ನ ಗಂಡ ಯಲ್ಲೋಜಿ ತಾಯಿಯ ಮುಖವನ್ನೊಮ್ಮೆ ನೋಡಿದ. ಆಮೇಲೆ ನೋಡುವುದನ್ನು ಬಿಟ್ಟು, ಹೊಸ ಧೋತರದಲ್ಲೇ ಹೋಗಿ ಒಂದು ಬದಿಯಲ್ಲಿ ಮಲಗಿದ. ಇನ್ನೊಂದು ಬದಿ ಖಾಲಿ ಉಳಿಯಿತು.

ಅತ್ತೆ ಕೊಡೆಯನ್ನು ಪಿರಾಜಿಯ ಕೈಗೆ ಕೊಟ್ಟರು. ಮೊಣಕಾಲು ಹಿಡಿದು, "ಯಪ್ಪಾ, ಯವ್ವಾ," ಎನ್ನುತ್ತ ಆ ಮಣ್ಣಿನ ಮೇಲೆ ಕೂತು, ಕಾಲು ಚಾಚಿ, ರೇಷ್ಮೆ ಸೀರೆಯ ಸೆರಗನ್ನು ಮಡಿಲಿನ ಮೇಲೆ ಅಗಲವಾಗಿ ಹರವಿಕೊಂಡರು.

"ಏನ್ ನೋಡತೀಯೋ?" ಎಂದು ಮಲ್ಹಾರಿಗೆ ಗದರಿದರು. "ನಡಿ. ಕೂಸು ಹಸದೈತಿ."

ಅವನು ನಡೆದ. ಒಂದೊಂದೇ ಹೆಜ್ಜೆ, ಕಣ್ಣು ಕೂಸಿನ ಮೇಲೆ. ಅವನು ದಾಟಿದಂತೆ ಕೆಳಗಿದ್ದ ಕೈಗಳು ಅವನ ಜೊತೆ ಸರಿಯುತ್ತಿದ್ದವು. ಕೂಸು ಒಮ್ಮೆ ಕಾಲು ಝಾಡಿಸಿತು, ಅಂಗಳಕ್ಕೆ ಅಂಗಳವೇ "ಹಾ" ಎಂದಿತು, ಅವನ ಕೈ ಇನ್ನಷ್ಟು ಬಿಗಿಯಿತು. ಮಾಸ್ತರರನ್ನು ದಾಟಿದ, ಯಲ್ಲೋಜಿಯನ್ನು ದಾಟಿದ, ಅತ್ತೆಯ ಮಡಿಲನ್ನು ದಾಟಿದ. ಬಗ್ಗಿ ಕೂಸನ್ನು ತೊಟ್ಟಿಲಿಗೆ ಇಟ್ಟ. ಇಟ್ಟ, ಜಾರಿಸಲಿಲ್ಲ.

ಎಲ್ಲರಿಗಿಂತ ಮೊದಲು ಉಸಿರು ಬಿಟ್ಟವನು ಪಿರಾಜಿ. "ಪಾರಾದೆ ದೇವರೇ, ಹೆದರಿ ಸತ್ತಿದ್ದೆ ನಾನು," ಎಂದು ಗೋಡೆಗೊರಗಿ ಕೂತ. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ. ಹುಡುಗರು ಮಲಗಿದಲ್ಲೇ ಹೊರಳಾಡಿ ನಗುತ್ತಿದ್ದರು, ಅವ್ವ ಸಕ್ಕರೆಯ ಬಟ್ಟಲು ಹಿಡಿದು ಎಲ್ಲರ ಬಾಯಿಗೂ ಹಾಕುತ್ತ ಅವರ ನಡುವೆ ದಾರಿ ಮಾಡಿಕೊಂಡು ಹೊರಟಿದ್ದಳು. ಮಲ್ಹಾರಿ ತೊಟ್ಟಿಲ ಪಕ್ಕ ನಿಂತು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಕೂತಲ್ಲಿಂದ ಏಳಲಾಗದೆ ಒದ್ದಾಡುತ್ತಿದ್ದವರು ಅತ್ತೆ ಒಬ್ಬರೇ. ಪಿರಾಜಿ ಎಬ್ಬಿಸಲು ಓಡಿ ಬಂದ. ಆಕೆ ಅವನನ್ನು ಪಕ್ಕಕ್ಕೆ ಸರಿಸಿ, ಬಳೆ ತುಂಬಿದ ಕೈಯನ್ನು ಮಲ್ಹಾರಿಯ ಕಡೆಗೆ ಚಾಚಿದರು.

"ಹಿಡಿಯೋ," ಎಂದರು. "ಗಟ್ಟಿ ಹಿಡಿ ಮತ್ತ. ನಾ ಜಾರಿದರ ನೆಲಾನೂ ಬ್ಯಾಡ ಅಂದೀತು."

ಅವನು ಎರಡೂ ಕೈಯಿಂದ ಹಿಡಿದು ಎಬ್ಬಿಸಿದ.